ಅಣ್ಣನ ಜೇಬಿನ ರಸಮಟ್ಟ

ನಮ್ಮಣ್ಣ ವೃತ್ತಿಪರ ಪೂಲ್ ಆಟಗಾರ. ಹೆಚ್ಚೂಕಡಿಮೆ ಇಪ್ಪತ್ತು ವರ್ಷ ಆಡಿದ. ಮನೆಗೆ ತಂದ ಕಪ್ಪು ಒಂದೇ ಒಂದು. ಅದೂ ಕೇರಂ ಆಟದ್ದು!

ನಗಬೇಡಿ. ಅವನನ್ನು ಕೇಳಿದ್ದರೆ ಅದೇ ತನ್ನ ಬಹುಮುಖ ಪ್ರತಿಭೆಗೆ ಸಾಕ್ಷಿ ಎನ್ನುತ್ತಿದ್ದ. ಸಾಗರದಲ್ಲಿ ಪೂಲ್, ತೀರ್ಥಹಳ್ಳಿಯಲ್ಲಿ ಸ್ನೂಕರ್, ಹೊಸನಗರದ ಗೆಳೆಯರ ಹತ್ತಿರ ಮೇಜಿಲ್ಲದ್ದರಿಂದ ಅಲ್ಲಿ ಕೇರಂ. ಬಲಗೈ ನೋವಾದರೆ ಎಡಗೈ. ಕೋಲು ಬಸ್ಸಿನಲ್ಲಿ ಮರೆತುಬಂದ ದಿನ ಕೊಡೆಯ ತುದಿಯಿಂದಲೇ ಚೆಂಡನ್ನು ಮೂಲೆಯ ತೂತಿಗೆ ಬೀಳಿಸಿದ್ದನಂತೆ. ನೋಡಿದವರು ಯಾರೂ ಇಲ್ಲ, ಅವನೇ ಹೇಳಿದ್ದು.

"ಇಷ್ಟೆಲ್ಲ ಬರ್ತದೆ. ಕೆಲಸ ಅನ್ನೋದೊಂದು ಬರಲ್ಲ," ಎನ್ನುತ್ತಿದ್ದಳು ಅಮ್ಮ.

ಅದು ಪೂರ್ತಿ ನಿಜವಲ್ಲ. ಮೂರು ತಾಲ್ಲೂಕಿನಲ್ಲಿ ಎಲ್ಲಿ ಪೂಲ್ ಮೇಜಿನ ಹಸಿರು ಬಟ್ಟೆ ಹರಿದರೂ ಹೊಸದು ಹಾಕಲು ಇವನೇ ಬೇಕು. ಮೇಜು ಕೂದಲೆಳೆಯಷ್ಟು ವಾಲಿದರೂ ಇವನಿಗೇ ಫೋನು. ಹಾಗಾಗಿ ಅವನ ಅಂಗಿಯ ಜೇಬಿನಲ್ಲಿ ಸದಾ ಒಂದು ರಸಮಟ್ಟ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ನೋಡುತ್ತಾರಲ್ಲ, ಒಳಗಿನ ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ, ಅದೇ. ಅವರದ್ದು ಉದ್ದ, ಇವನದ್ದು ಗೇಣುದ್ದ.

ಆ ಗುಳ್ಳೆ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ಮಂಚ, ಟೀವಿ ಸ್ಟ್ಯಾಂಡು, ಬೀರು, ಅಮ್ಮನ ಗ್ರೈಂಡರು, ಎಲ್ಲದರ ಕಾಲಿನ ಕೆಳಗೂ ಮಡಚಿದ ಬಸ್ ಟಿಕೆಟ್ಟು. ದೇವರ ಮಂಟಪದ ಕೆಳಗೂ! ಗುಡಿಸುವಾಗ ಒಂದು ಟಿಕೆಟ್ಟು ಹೊರಬಂದರೆ ಸಂಜೆ ವಿಚಾರಣೆ. "ಇಲ್ಲಿ ತೀರ್ಥಹಳ್ಳಿ ಟಿಕೆಟ್ ಇತ್ತಲ್ಲ, ಯಾರು ತೆಗ್ದಿದ್ದು?"

ಒಟ್ಟಿನಲ್ಲಿ ಮನೆಯಲ್ಲಿ ಓರೆಯಾಗಿ ಉಳಿದವಳು ನಾನೊಬ್ಬಳೇ.

ಎಂಟನೇ ವಯಸ್ಸಿನಲ್ಲಿ ಸೈಕಲ್ ಕ್ಯಾರಿಯರಿನಿಂದ ಬಿದ್ದು ನನ್ನ ಎಡಗಾಲು ಮುರಿದಿತ್ತು. ಕೂಡಿಕೊಂಡಿದ್ದು ಚೂರು ಗಿಡ್ಡವಾಗಿ. ಸೈಕಲ್ ತುಳಿಯುತ್ತಿದ್ದವನು ಅಣ್ಣ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮುಂದೆ ನಾನು ಟೀಚರಾದೆ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳೆಲ್ಲ ಸಾಲಾಗಿ ನಿಂತಿರುವಾಗ ಮೈದಾನವನ್ನು ಈ ಕಡೆಯಿಂದ ಆ ಕಡೆಗೆ ದಾಟಬೇಕು. ನನ್ನ ಹಿಂದೆ ಯಾರೋ ನನ್ನಂತೆಯೇ ಕುಂಟಿ ತೋರಿಸುತ್ತಿದ್ದಾರೆಂದು ಮುಂದಿನ ಸಾಲಿನ ಮುಖಗಳಲ್ಲೇ ಗೊತ್ತಾಗುತ್ತಿತ್ತು. ಯಾರೂ ನೋಡದ ಹಾಗೆ ಆ ಮೈದಾನ ದಾಟುವುದು, ಅಷ್ಟೇ ನನ್ನ ಆಸೆ. ಅದನ್ನು ಒಂದು ದಿನ ಅಮ್ಮನ ಹತ್ತಿರ ಹೇಳಿಕೊಂಡು ಅತ್ತೆ.

ಮರುದಿನ ಬೆಳಿಗ್ಗೆ ಕನ್ನಡಿ ಮುಂದೆ ಸೀರೆಗೆ ಪಿನ್ನು ಹಾಕುತ್ತಿದ್ದೆ. ಅಣ್ಣ ಹಿಂದಿನಿಂದ ಬಂದು ನನ್ನ ಹೆಗಲ ಮೇಲೆ ಅಡ್ಡಲಾಗಿ ರಸಮಟ್ಟ ಇಟ್ಟ!

"ಅಲ್ಲಾಡ್ಬೇಡ ಮಾರಾಯ್ತಿ... ಎಡಕ್ಕೆ ಎರಡು ನೂಲು."

ನೂಲು ಎಂದರೆ ಬಡಗಿಗಳ ಲೆಕ್ಕ. ಎಂಟು ನೂಲಿಗೆ ಒಂದು ಇಂಚು.

"ನಾನೆಂತ ಮೇಜಾ ನಿಂಗೆ?"

"ಮೇಜಾಗಿದ್ರೆ ಇಷ್ಟೊತ್ತಿಗೆ ಸರಿಮಾಡಿ ಆಗ್ತಿತ್ತು."

ಎಂಟು ದಿನ ಮಾತು ಬಿಟ್ಟೆ. ಒಂಬತ್ತನೇ ದಿನ ಹೊಸನಗರದಿಂದ ಒಂದು ಸೀಸೆ ಎಣ್ಣೆ ತಂದ. "ಅಲ್ಲೊಬ್ರು ಪಂಡಿತರು ಕೊಟ್ಟಿದ್ದು. ದಿನಾ ಹಚ್ಚು, ಬಿಡ್ಬೇಡ." ಜೊತೆಗೆ, "ಚಪ್ಪಲಿ ಅಂಟು ಬಿಟ್ಟಿದೆ, ಸರಿಮಾಡಿಸಿ ಕೊಡ್ತೀನಿ," ಎಂದು ನನ್ನ ಚಪ್ಪಲಿಯನ್ನೂ ಎತ್ತಿಕೊಂಡು ಹೋದ.

ಬೇವಿನೆಣ್ಣೆಯಲ್ಲಿ ಬೆಳ್ಳುಳ್ಳಿ ಸುಟ್ಟು, ಅದನ್ನು ಒಂದು ವಾರ ಹಾಗೇ ಮರೆತರೆ ಹೇಗಿರುತ್ತದೋ ಅಂಥ ವಾಸನೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು. ಆದರೆ ಏನು ಹೇಳಲಿ! ತಿಂಗಳು ಕಳೆಯುವುದರೊಳಗೆ ನನ್ನ ನಡಿಗೆ ನೆಟ್ಟಗಾಯಿತು. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಅಷ್ಟಿಷ್ಟು ವಾಲುತ್ತಿದ್ದೆ, ಮನೆಯಲ್ಲಿ ನೋಡುವವರು ಯಾರು? ಶಾಲೆಯಲ್ಲಿ ಅಣಕಿಸುವುದು ನಿಂತಿತು. ನಾನು ಆ ಎಣ್ಣೆಯ ಭಕ್ತೆಯಾದೆ. ಮಂಡಿ, ಸೊಂಟ, ಕುತ್ತಿಗೆ, ಯಾರು ಎಲ್ಲಿ ನೋವೆಂದರೂ ಅದನ್ನೇ ಹೇಳುತ್ತಿದ್ದೆ. ನನ್ನ ಮಾತು ಕೇಳಿ ಬೆನ್ನಿಗೆ ಹಚ್ಚಿಕೊಂಡ ನಮ್ಮ ಹೆಡ್‌ಮಾಸ್ಟರನ್ನು ಅವರ ಹೆಂಡತಿ ಮೂರು ದಿನ ಹೊರಗಿನ ಕೋಣೆಯಲ್ಲಿ ಮಲಗಿಸಿದರಂತೆ.

ಅಣ್ಣ ತಿಂಗಳು ತಪ್ಪದೆ ಸೀಸೆ ತರುತ್ತಿದ್ದ. "ಎಣ್ಣೆ ಒಳ್ಳೇದು ಕಣೆ, ಬಿಡ್ಬೇಡ."

ಅದರ ಜೊತೆಗೇ ಇನ್ನೊಂದು ಹುಚ್ಚು ಹತ್ತಿತು. ನಾನು ಹೊಸ ಚಪ್ಪಲಿ ತಂದರೆ ಮೊದಲು ಅವನ ವಶಕ್ಕೆ! "ಹೊಸ ಚಪ್ಪಲಿ ಕಚ್ತದೆ. ಪಳಗಿಸಿ ಕೊಡ್ತೀನಿ." ಚಪ್ಪಲಿಯೇನು ಆನೆಯೇ, ಪಳಗಿಸಲು? ಎರಡು ದಿನ ಪತ್ತೆಯಿರುತ್ತಿರಲಿಲ್ಲ. ಗೆಳತಿಯ ಗೃಹಪ್ರವೇಶಕ್ಕೆ ರೇಷ್ಮೆ ಸೀರೆ ಉಟ್ಟು, ಬಚ್ಚಲಿನ ಹವಾಯಿ ಚಪ್ಪಲಿ ಮೆಟ್ಟಿ ಹೋದವಳು ಸಾಗರದಲ್ಲಿ ನಾನೊಬ್ಬಳೇ ಇರಬೇಕು. ಆವತ್ತು ದಾರಿಯುದ್ದಕ್ಕೂ ಕುಂಟಿದೆ. ಸಿಟ್ಟಿಗೆ ಹಾಗಾಯಿತೆಂದುಕೊಂಡೆ.

ಅವನಿಗೆ ಹೆಣ್ಣು ನೋಡಲು ಹೋದದ್ದನ್ನೂ ಹೇಳಿಬಿಡುತ್ತೇನೆ. ಹುಡುಗಿಯ ಅಪ್ಪ, "ಏನ್ಮಾಡ್ಕೊಂಡಿದೀರಿ?" ಎಂದು ಕೇಳಿದರು. ಅಮ್ಮ "ಬಿಸಿನೆಸ್ಸು" ಎನ್ನುವಷ್ಟರಲ್ಲಿ ಇವನು ಟೀಪಾಯಿ ಮೇಲೆ ರಸಮಟ್ಟ ಇಟ್ಟು, "ಇದು ಬಲಕ್ಕೆ ವಾಲಿದೆ ಸರ್," ಎಂದು ಒಂದು ಕಾಲು ಎತ್ತಿದ. ಐದು ಲೋಟ ಕಾಫಿ ಅವರ ಪಂಚೆಯ ಮೇಲೆ. ಅಲ್ಲಿಗೆ ಮದುವೆಯ ಮಾತು ಮುಗಿಯಿತು.

ತೀರ್ಥಹಳ್ಳಿಯ ಕಥೆ ಇನ್ನೂ ಉರಿ ತರಿಸುತ್ತದೆ. ಅಲ್ಲಿ ಒಂದು ಪಂದ್ಯದಲ್ಲಿ ಅಣ್ಣ ಫೈನಲ್ ತಲುಪಿದ್ದ. ನಾನು ರಜೆ ಹಾಕಿ ಬಸ್ಸು ಹತ್ತಿ ಹೋದೆ. ಎದುರಾಳಿ ಒಬ್ಬ ಬ್ಯಾಂಕ್ ನೌಕರ. ಅಣ್ಣನ ಚೆಂಡುಗಳು ಒಂದರ ಹಿಂದೊಂದು ತೂತಿಗೆ ಬೀಳುತ್ತಿದ್ದವು. ಇನ್ನು ಎರಡೇ ಬಾಕಿ. ಇದ್ದಕ್ಕಿದ್ದಂತೆ ಕೋಲು ಕೆಳಗಿಟ್ಟು ಜೇಬಿಗೆ ಕೈ ಹಾಕಿದ. ಮೇಜಿನ ಅಡಿಗೆ ನುಗ್ಗಿದವನು ಅರ್ಧ ಗಂಟೆ ಹೊರಬರಲಿಲ್ಲ, ಎರಡು ಕಾಲು ಮಾತ್ರ ಕಾಣುತ್ತಿದ್ದವು. ಬ್ಯಾಂಕಿನವರು ಅಷ್ಟರಲ್ಲಿ ಬಜ್ಜಿ ತಿಂದು, ಚಾ ಕುಡಿದು, ಕೈ ಒರೆಸಿಕೊಂಡು ಬಂದು ಗೆದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದೆ. "ಮೇಜು ಯಾವ ಕಡೆ ವಾಲಿತ್ತು?"

"ನನ್ನ ಕಡೆಗೇ. ನಾನು ಹೊಡೆಯೋ ಮೂಲೆಗೇ ಎಲ್ಲ ಉರುಳ್ತಿತ್ತು."

"ಮತ್ತೆ ಎಂತಕ್ಕೆ ಸರಿಮಾಡಕ್ಕೆ ಹೋದೆ ಮಾರಾಯ!"

"ಓರೆ ಮೇಜಲ್ಲಿ ಗೆದ್ರೆ ಗೆದ್ದಿದ್ದು ಮೇಜು ಕಣೆ."

ಇಂಥವನ ಹತ್ತಿರ ಏನು ಮಾತಾಡುತ್ತೀರಿ?

ಹೋದ ವರ್ಷ ಅಣ್ಣ ಹೋದ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ್ದೆವು. ಮಂಚ ಎಡಕ್ಕೆ ವಾಲಿದೆ, ಔಷಧಿ ಚೀಟಿ ಮಡಚಿ ಕಾಲಿನ ಕೆಳಗಿಡು ಎಂದ. "ಸುಮ್ನೆ ಮಲಗು," ಎಂದು ಗದರಿದೆ. ಇಡಲಿಲ್ಲ. ಇಡಬಹುದಿತ್ತು.

ಕೆಲವು ತಿಂಗಳ ಮೇಲೆ ಹೊಸ ಚಪ್ಪಲಿ ಕೊಂಡೆ. ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ, ಅಂಗಡಿಯಿಂದ ಹಾಗೆಯೇ ಮೆಟ್ಟಿಕೊಂಡು ಬಂದೆ. ಮರುದಿನ ಪ್ರಾರ್ಥನೆಯ ಹೊತ್ತಿಗೆ ಮೈದಾನ ದಾಟುವಾಗ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಕೇಳಿದಳು, "ಮಿಸ್, ಕಾಲಿಗೆ ಎಂತ ಆಯ್ತು?"

ದುಃಖದಲ್ಲಿ ಎಣ್ಣೆ ಹಚ್ಚುವುದು ಬಿಟ್ಟಿದ್ದೆನಲ್ಲ, ಅದಕ್ಕೇ ಎಂದುಕೊಂಡೆ. ಉಳಿದಿದ್ದ ಕೊನೆಯ ಸೀಸೆ ತೆಗೆದು ಎರಡು ವಾರ ಎರಡು ಹೊತ್ತೂ ತಿಕ್ಕಿದೆ. ಏನೂ ಆಗಲಿಲ್ಲ. ಹೊಸ ಚಪ್ಪಲಿಯ ಅದೃಷ್ಟ ಸರಿಯಿಲ್ಲ, ಹಳೆಯದನ್ನೇ ರಿಪೇರಿ ಮಾಡಿಸೋಣವೆಂದು ಪೇಟೆಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದೆ. ಅವರು ಎಡಗಾಲಿನದ್ದರ ಸವೆದ ಅಟ್ಟೆ ಬಿಡಿಸಿದರು. ಒಳಗೆ ಹಸಿರು ಬಟ್ಟೆ. ಪದರ ಪದರವಾಗಿ ಅಂಟಿಸಿದ ಪೂಲ್ ಮೇಜಿನ ಬಟ್ಟೆ.

"ನಿಮ್ಮಣ್ಣನ ಕೆಲ್ಸ ಅಮ್ಮ," ಎಂದರು ಅವರು. "ಎಡದ್ದು ಒಂದು ನೂಲು ಏರ್ಸೋದು, ಬಲದ್ದು ಒಂದು ನೂಲು ಇಳ್ಸೋದು. ನೋಡಿದ್ರೆ ಗೊತ್ತಾಗ್ಬಾರ್ದು ಅಂತ. ಇಲ್ಲೇ ಕೂತು ಅವ್ರೇ ಅಂಟಿಸ್ತಿದ್ರು."

"ಮತ್ತೆ ಎಣ್ಣೆ?" ಎಂದು ಪೆದ್ದುಪೆದ್ದಾಗಿ ಕೇಳಿದೆ.

"ಎಣ್ಣೆ ವಿಷ್ಯ ನಂಗೊತ್ತಿಲ್ಲ. 'ಕಾಲು ವಾಸಿಯಾಯ್ತು ಅಂತ ಖುಷಿಯಾಗಿದಾಳೆ, ಹೇಳ್ಬೇಡಿ' ಅಂದಿದ್ರು."

ಅಣ್ಣನ ಟ್ರಂಕಿನಲ್ಲಿ ಹಸಿರು ಬಟ್ಟೆಯ ತುಂಡು ಇನ್ನೂ ಇತ್ತು. ತಂದುಕೊಟ್ಟೆ. ಹೊಸ ಜೋಡಿಯೂ ಪಳಗಿತು. ಮೈದಾನ ದಾಟಿದೆ, ಯಾರೂ ತಿರುಗಿ ನೋಡಲಿಲ್ಲ.

ಎಣ್ಣೆಯನ್ನು ಮಾತ್ರ ಬಿಟ್ಟಿಲ್ಲ. ಬಿಡಬೇಡ ಎಂದಿದ್ದಾನಲ್ಲ. ಸೀಸೆಯ ತಳದಲ್ಲಿ ಎರಡು ಬೆರಳಷ್ಟು ಉಳಿದಿದೆ. ಸ್ವಲ್ಪ ಸ್ವಲ್ಪವೇ ಹಚ್ಚುತ್ತಿದ್ದೇನೆ.