ಹುಲಿ ಆಫೀಸಿಗೆ ಹೋಗುವುದು ಯಾವಾಗ?

ಚಾಮರಾಜನಗರದಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದಾಗ ಊರವರ ಗುಟ್ಟೆಲ್ಲ ಕೇಳದಿದ್ದರೂ ನನ್ನ ಕಿವಿಗೆ ಬೀಳುತ್ತಿತ್ತು. ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಳ್ಳುವುದೇ ಆ ಕಸುಬಿನ ಕಷ್ಟ.

ಒಬ್ಬ ಹುಲಿ

ಇಂಟರ್‌ನೆಟ್ಟಿನಲ್ಲಿ ಚೆಸ್ ಆಡುವ ಹುಚ್ಚು ನಮ್ಮ ಅಂಗಡಿಗೂ ಹತ್ತಿತು. ಆಡಲು ಇಮೇಲ್ ಬೇಕು, ಗಿರಾಕಿಗಳಲ್ಲಿ ಯಾರಿಗೂ ಇರಲಿಲ್ಲ. ನಾನೇ ‘ಹುಲಿ’ ಅಂತ ಒಂದು ಖಾತೆ ತೆರೆದು ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಟ್ಟೆ. ಬಂದವರು ಸರದಿಯ ಮೇಲೆ ಹುಲಿಯಾದರು. ರೇಷ್ಮೆ ವ್ಯಾಪಾರದ ಭಾಯ್ ಅರ್ಧ ಆಟ ಗೆದ್ದು ಟೀ ಕುಡಿಯಲು ಎದ್ದರೆ, ಹರದನಹಳ್ಳಿಯ ಗುಮಾಸ್ತ ಅಲ್ಲಿ ಕೂತು ಉಳಿದರ್ಧ ಸೋತುಕೊಡುತ್ತಿದ್ದ.

ಹುಲಿಯ ಜಾತಕ

ಒಂದು ದಿನ ಗುಮಾಸ್ತನ ಕಣ್ಣಿಗೆ ಬೇರೆ ಯಾವುದೋ ಸೈಟು ಬಿತ್ತು. ಆಟದ ಕಂಪನಿಯದಲ್ಲ, ಸಂಬಂಧವೇ ಇಲ್ಲದ ಮೂರನೆಯವರದು. ಹುಲಿ ಯಾವ ವಾರ ಯಾವ ಹೊತ್ತಿಗೆ ಕೂತ, ಯಾವಾಗ ಎದ್ದ, ಎಷ್ಟು ಗೆದ್ದ, ಎಷ್ಟು ಸೋತ, ಎಲ್ಲ ಅಲ್ಲಿತ್ತು. ಯಾರು ಬೇಕಾದರೂ ನೋಡಬಹುದು!

“ಅರೆ, ನಮ್ಮ ಮನೆಯವ್ರೂ ನನ್ನ ಇಷ್ಟು ವಿಚಾರ್ಸಲ್ಲ,” ಎಂದರು ಭಾಯ್.

ನನಗೆ ರೇಗಿತು. ಇದನ್ನು ತೆಗೆಯಿರಿ ಎಂದು ಅವರಿಗೆ ಬರೆದೆ. ‘ಹುಲಿ ನೀವೇ ಎಂದು ಮೊದಲು ರುಜುವಾತು ಮಾಡಿ’ ಎಂದು ಉತ್ತರ ಬಂತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಹೆಣ್ಣು ನೋಡಲು ಹೋದ ಹುಲಿ

ಗುಮಾಸ್ತ ಗುಂಡ್ಲುಪೇಟೆಗೆ ಹೆಣ್ಣು ನೋಡಲು ಹೋದ. ಹುಡುಗಿಯ ತಂದೆ ರಿಟೈರ್ಡ್ ಮೇಷ್ಟ್ರು. ಹವ್ಯಾಸವೇನು ಎಂದು ಕೇಳಿದ್ದಕ್ಕೆ ಇವನು, “ಚೆಸ್ಸು ಸಾರ್. ಇಂಟರ್‌ನೆಟ್ಟಲ್ಲಿ ಹುಲಿ ಅಂದ್ರೆ ನಾನೇಯ,” ಎಂದು ಕೊಚ್ಚಿಕೊಂಡ. ಹುಡುಗಿ ಬಾಗಿಲ ಹಿಂದೆ ಕಿಸಕ್ಕನೆ ನಕ್ಕಳಂತೆ. ಅದನ್ನೇ ಇವನು ಒಪ್ಪಿಗೆ ಅಂದುಕೊಂಡ.

ಮೇಷ್ಟ್ರು ಆ ಸೈಟಿನಲ್ಲಿ ಹುಲಿಯನ್ನು ಹುಡುಕಿಸಿ ನೋಡಿದರು. ಬೆಳಿಗ್ಗೆಯಿಂದ ನಾನು ಅಂಗಡಿ ಬಾಗಿಲು ಹಾಕುವವರೆಗೆ, ವಾರವೆಲ್ಲ ಆಟ! “ಹುಡುಗ ಆಫೀಸಿಗೆ ಹೋಗೋದು ಯಾವಾಗ?” ಎಂದು ಹೇಳಿಕಳಿಸಿದರು.

ಗುಮಾಸ್ತ ಬಂದು ಅಳುವುದೊಂದು ಬಾಕಿ. “ಅಣ್ಣೋ, ಆ ಹುಡುಗೀನೆ ಮನ್ಸಿಗೆ ಹತ್ಬುಟ್ಟವ್ಳೆ. ನೀವೆಲ್ಲ ಬಂದು, ಹುಲಿ ನಾನೊಬ್ಬನೇ ಅಲ್ಲ ಅಂತ ಹೇಳ್ಬುಡಿ.”

ನನಗೂ ಪಾಪ ಅನ್ನಿಸಿತು.

ಮೇಷ್ಟ್ರ ಟೈಂಟೇಬಲ್

ಭಾಯ್, ನಾನು, ಗುಮಾಸ್ತ ಮೂವರೂ ಬಸ್ಸು ಹತ್ತಿದೆವು. ತಾನು ದಿನಾ ಆಫೀಸಿಗೆ ಹೋಗುತ್ತೇನೆ ಅನ್ನುವುದಕ್ಕೆ ಸಾಕ್ಷಿಯಾಗಿ ಗುಮಾಸ್ತ ತನ್ನ ಸಾಹೇಬರನ್ನೂ ಕರೆತಂದಿದ್ದ.

ಹುಡುಗಿ ಕಾಫಿ ತಂದಳು. ನೋಡಿದರೆ, ಭಾನುವಾರ ಕಂಪ್ಯೂಟರ್ ಕಲಿಯಲು ನನ್ನ ಅಂಗಡಿಗೆ ಬರುವ ಹುಡುಗಿ! ಬಾಯಿ ಬಿಟ್ಟೀರಿ ಜೋಕೆ ಎನ್ನುವಂತೆ ನನ್ನನ್ನು ಒಮ್ಮೆ ಗುರಾಯಿಸಿ ಒಳಗೆ ಹೋದಳು. ನಾನು ತೆಪ್ಪಗೆ ಕಾಫಿ ಕುಡಿದೆ.

ಮೇಷ್ಟ್ರು ಕನ್ನಡಕ ಏರಿಸಿದರು. “ಮಧ್ಯಾಹ್ನದ ಪೀರಿಯಡ್ ಯಾರ್ದು?”

“ನನ್ದು, ಭಾನುವಾರ ಬಿಟ್ಟು,” ಎಂದರು ಭಾಯ್.

“ಸಂಜೆ?”

“ನನ್ದು ಸಾರ್. ಆಫೀಸು ಬುಟ್ಟ ಮೇಲೆ,” ಎಂದ ಗುಮಾಸ್ತ.

“ಬೆಳಿಗ್ಗೆ ಹನ್ನೊಂದರಿಂದ ಊಟದವರೆಗೆ? ಆಫೀಸಿನ ಹೊತ್ತಲ್ವಾ ಅದು?”

ಗುಮಾಸ್ತನ ಮುಖ ಬಾಡಿತು. ಕೊನೆಗೆ ಸಾಹೇಬರು ಕೆಮ್ಮಿ, “ಅದು... ನಾನು,” ಎಂದರು.

“ನೀವಾ ಸಾರ್? ಸಾಹೇಬ್ರು ಸ್ಪಾಟ್ ಇನ್ಸ್‌ಪೆಕ್ಷನ್‌ಗೆ ಓಗವ್ರೆ ಅಂತ ನಾನು ಬಂದೋರ್ಗೆಲ್ಲ ಹೇಳ್ತಿದ್ನಲ್ಲ!”

ಮೇಷ್ಟ್ರು ಬಿಡಲಿಲ್ಲ. “ಇನ್ನೊಂದೇ ಉಳೀತು. ಭಾನುವಾರ ಮಧ್ಯಾಹ್ನ. ಹುಲಿ ಗೆದ್ದಿರೋದೆಲ್ಲ ಆ ಹೊತ್ತಲ್ಲೇಯ. ಮಿಕ್ಕ ದಿನ ಬರೀ ಸೋಲು. ಭಾನುವಾರ ಆಡೋ ಆ ಬುದ್ಧಿವಂತ ಯಾರು ಹೇಳಿ, ನನ್ನ ಮಗಳನ್ನ ಅವನಿಗೇ ಕೊಡ್ತೀನಿ.”

ಗುಮಾಸ್ತ ತಲೆ ತಗ್ಗಿಸಿದ. ನಾನು ಖಾಲಿ ಲೋಟವನ್ನೇ ಇನ್ನೊಮ್ಮೆ ಕುಡಿದೆ.

ಬಾಗಿಲ ಹಿಂದಿನಿಂದ ದನಿ ಬಂತು: “ಅದು ನಾನೇ ಕಣಪ್ಪೋ. ನನ್ನ ನನಗೇ ಕೊಟ್ಬುಟ್ರೆ ಓಲಗ ಯಾರ್ಗೆ ಊದ್ಸೀಯೆ? ಇವ್ರೇ ಇರ್ಲಿ ಬುಡು. ಸೋತು ಅಭ್ಯಾಸ ಆಗದೆ.”