ತಲೆ ಬಗ್ಗಿಸಿದರೆ ಹಾರುವ ವಿದ್ಯೆ ಕಲಿಸಿದ ಟಗರಿಗೆ

ಹೊಸಮನೆ, ಶಿವಮೊಗ್ಗ
ಗುರುವಾರ, ೧೯೫೮

ಸವಳಂಗ ರಸ್ತೆಯ ಸುಬ್ಬಪ್ಪನವರ ಸೌದೆ ಡಿಪೋದಲ್ಲಿ ವಾಸವಾಗಿರುವ, ಸುರುಳಿ ಕೊಂಬಿನ ಟಗರು ಮಹಾಶಯರಿಗೆ,

ಮಾನ್ಯರೇ,

ಸೈಕಲ್ ಷಾಪಿನ ವಜೀರನು ದೂರದಿಂದಲೇ ಮಾಡುವ ಸಲಾಮುಗಳು. ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಓದಿದವನಾದ್ದರಿಂದ ನನ್ನ ಅಕ್ಷರ ಸೊಟ್ಟಗಿದ್ದರೆ, ಒತ್ತು ದೀರ್ಘ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ತಮಗೂ ಓದಲು ಬಾರದೆಂದು ಸುಬ್ಬಪ್ಪನವರು ತಿಳಿಸಿರುವುದರಿಂದ, ದಾರಿಯಲ್ಲಿ ಹೋಗುವ ಪುಣ್ಯಾತ್ಮರು ಯಾರಾದರೂ ಓದಿ ಹೇಳಲೆಂದು ಇದನ್ನು ಡಿಪೋದ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನಗೆ ಸಂಕೋಚ. ಅದರ ಕಾರಣ ತಮ್ಮ ಹಣೆಗೆ ಗೊತ್ತು.

ಮೊದಲಿಗೆ ತಮ್ಮ ಉಪಕಾರವನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಸನಾವುಲ್ಲಾ ಉಸ್ತಾದರ ತಾಲೀಮಿನಲ್ಲಿ ದೊಣ್ಣೆವರಸೆ ಕಲಿಯುತ್ತಿರುವವನು. ಕೈ ಪರವಾಗಿಲ್ಲ, ಕಣ್ಣು ನಿಧಾನ. "ಏಟು ಬಿದ್ದ ಮೇಲೆ ತಪ್ಪಿಸ್ಕೊಳ್ತೀಯಲ್ಲೋ ಮಾರಾಯ! ಕೋಲು ನೋಡ್ಬೇಡ, ಕೋಲಿಗಿಂತ ಮೊದ್ಲು ಏನು ಅಲ್ಲಾಡ್ತದೆ ಅದನ್ನ ನೋಡು" ಎಂದು ಉಸ್ತಾದರು ಎಷ್ಟು ಕೂಗಿದರೂ ನನ್ನ ತಲೆಗೆ ಹತ್ತದ ಆ ಪಾಠವನ್ನು ತಾವು ಒಂದೇ ಮಳೆಗಾಲದೊಳಗೆ ಸೊಂಟಕ್ಕೆ ಹತ್ತಿಸಿದಿರಿ. ಬೆಳಿಗ್ಗೆ ನಾನು ಷಾಪಿಗೆ ಹೋಗುವ ಹೊತ್ತಿಗೆ ಹಗ್ಗ ಬಿಡಿಸಿಕೊಂಡು ತಾವು ಕಾಯುವುದು, ತಲೆ ಬಗ್ಗಿಸುವುದು, ನಾನು ಬೀಳುವುದು. ಬರಬರುತ್ತಾ ತಾವು ತಲೆ ಬಗ್ಗಿಸುವುದು, ನಾನು ಪಕ್ಕಕ್ಕೆ ಹಾರುವುದು, ತಾವು ಸೌದೆ ರಾಶಿಗೆ ಗುದ್ದುವುದು. ಕಡೆಗೆ ತಾಲೀಮಿನಲ್ಲಿ ಯಾರ ಕೋಲೂ ನನ್ನನ್ನು ಮುಟ್ಟದಂತಾಗಿ, ಭದ್ರಾವತಿಯ ಪಂದ್ಯಕ್ಕೆ ಉಸ್ತಾದರು ನನ್ನನ್ನೇ ಆರಿಸಿದರು. ಸಂಬಳ ಕೇಳದೆ, ರಜೆಯನ್ನೂ ತೆಗೆದುಕೊಳ್ಳದೆ ಕಲಿಸುವ ಇಂಥ ಗುರುಗಳು ಮೈಸೂರು ಸೀಮೆಯಲ್ಲೇ ಇಲ್ಲ.

ಈಗ ದೂರು. ನಮ್ಮ ತಾಲೀಮಿನಲ್ಲಿ ಆಟಕ್ಕೆ ಮೊದಲು ನೆಟ್ಟಗೆ ನಿಂತು, ಕೈಯನ್ನು ಹಣೆಗೆ ಮುಟ್ಟಿಸಿ ಸಲಾಮು ಮಾಡುತ್ತೇವೆ. ಭದ್ರಾವತಿಯವರು ಹಾಗಲ್ಲ, ಬಾಗಿ ನೆಲದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇದು ನನಗೂ ಗೊತ್ತಿರಲಿಲ್ಲ, ನನ್ನ ಕಾಲಿಗಂತೂ ಗೊತ್ತೇ ಇರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಪಳನಿ ಎಂಬ ಆಸಾಮಿ ನನ್ನೆದುರು ಭಕ್ತಿಯಿಂದ ತಲೆ ಬಗ್ಗಿಸಿದ್ದೇ ತಡ, ನಾನು ಸುಣ್ಣದ ಗೆರೆ ದಾಟಿ ಸೋಡಾ ಗಾಡಿಯ ಪಕ್ಕದಲ್ಲಿದ್ದೆ. ಗೆರೆ ದಾಟಿದವನು ಸೋತ ಹಾಗೆ. "ಏನಪ್ಪಾ, ನಾನಿನ್ನೂ ಕೋಲೇ ಎತ್ತಿಲ್ವಲ್ಲ! ಎಲ್ಲಿಗೆ ಓಡ್ತೀಯ, ಬಸ್ಸು ಸಂಜೆಗಲ್ವಾ?" ಎಂದು ಪಳನಿ ಕೇಳಿದಾಗ ನಕ್ಕವರಲ್ಲಿ ನಮ್ಮ ಕಡೆಯವರೇ ಹೆಚ್ಚು. ಆ ಬಸ್ಸಿನಲ್ಲಿ ಪಕ್ಕದ ಅಜ್ಜನೊಬ್ಬ ತೂಕಡಿಸಿ ತಲೆ ಬಗ್ಗಿಸಿದ. ನಾನು ಎದ್ದು ಹಾರಿದೆ, ಅಜ್ಜ ಸೀಟಿನ ಮೇಲೆ ಅಡ್ಡಬಿದ್ದ. ಷಾಪಿನಲ್ಲಿ ಗಿರಾಕಿಗಳು ಚೈನು ನೋಡಲು ಬಗ್ಗಿದರೂ ನಾನು ಬೀದಿಯಲ್ಲಿರುತ್ತೇನೆ.

ಬರುವ ಭಾನುವಾರ ಮರುಪಂದ್ಯಕ್ಕೆ ಪಳನಿ ಇಲ್ಲಿಗೇ ಬರುತ್ತಾನೆ. "ಬಗ್ಗೋ ತಲೆ ಮುಂದೆ ನಿಲ್ಲೋದು ಕಲಿ ವಜೀರಾ. ಈ ಸಲಾನೂ ಹಾರಿದ್ರೆ ಕೋಲು ಇಲ್ಲಿಟ್ಟು ಹೋಗ್ತಾ ಇರು" ಎಂದು ಉಸ್ತಾದರು ಹೇಳಿಬಿಟ್ಟಿದ್ದಾರೆ. ನಾಲ್ಕು ಜನರೆದುರು ಬಾಯಿ ಬಿಡಲಾರದ ನನಗೆ, ಆ ಕೋಲು ಕೈಯಲ್ಲಿದ್ದಾಗ ಮಾತ್ರ ಮುಖ ಎತ್ತಿ ನಿಲ್ಲಲು ಆಗುತ್ತದೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಗುದ್ದಲು ಬರುವ ಮುನ್ನ ದಯಮಾಡಿ ಒಮ್ಮೆ ಕೆಮ್ಮಬೇಕು. ಬರೇ ಮರ್ಯಾದೆಗಾಗಿ ತಲೆ ಬಗ್ಗಿಸುವ ಅಭ್ಯಾಸವನ್ನೂ ಸ್ವಲ್ಪ ಮಾಡಿಕೊಳ್ಳಬೇಕು. ಇದು ತಮ್ಮ ಘನತೆಗೆ ಒಗ್ಗದಿದ್ದರೆ ಶನಿವಾರ ರೈಲು ಹತ್ತಿ ಭದ್ರಾವತಿಗೆ ಹೋಗಿ ಪಳನಿಗೂ ಇದೇ ಪಾಠ ಹೇಳಿ ಬರಬೇಕು. ಆಗ ನಾನೂ ಅವನಂತೆ ಬಾಗಿದರೆ ನಾವಿಬ್ಬರೂ ಒಟ್ಟಿಗೆ ಹಾರಿ, ಪಂದ್ಯ ಸರಿಸಮವಾಗುತ್ತದೆ.

ಇಂದು ಬೆಳಿಗ್ಗೆ ತಾವು ಹುಲ್ಲಿಗೆ ಬಾಯಿ ಹಾಕಲು ತಲೆ ಬಗ್ಗಿಸಿದಿರಿ. ನನ್ನ ಮಂಡಿ ಆಗಲೇ ಹಾರಲು ಹೊರಟಿತ್ತು. ತಡೆದು, ತಲೆಯನ್ನು ಬಿಟ್ಟು ತಮ್ಮ ಹಿಂಗಾಲನ್ನು ನೋಡಿದೆ. ಗುದ್ದುವ ದಿನ ಅದು ಮೊದಲು ಹಿಂದಕ್ಕೆ ಸರಿಯುತ್ತದೆ, ಇಂದು ಕದಲಲಿಲ್ಲ. ತಾವು ಮೇದು ತಲೆ ಎತ್ತುವವರೆಗೆ ನಾನು ನಿಂತಲ್ಲೇ ನಿಂತಿದ್ದೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಗೆರೆಯೊಳಗೇ ಇರುವ,
ವಜೀರ

ವಿ.ಸೂ.: ಆಮೇಲೆ ನಾನು ಬೆನ್ನು ತಿರುಗಿಸಿದಾಗ ತಾವು ಹಿಂದಿನಿಂದ ಮಾಡಿದ್ದನ್ನು ಪಾಠವೆಂದು ಒಪ್ಪಲಾರೆ, ಈ ಪತ್ರವನ್ನು ನಿಂತುಕೊಂಡೇ ಬರೆದಿದ್ದೇನೆ. ಬಕ್ರೀದಿಗೆ ಒಳ್ಳೆಯ ಕೊಬ್ಬಿದ ಟಗರು ಎಲ್ಲಾದರೂ ಕಂಡೆಯಾ ಎಂದು ಉಸ್ತಾದರು ಕೇಳುತ್ತಿದ್ದಾರೆ. ಭಾನುವಾರ ಪಂದ್ಯ ಮುಗಿಯುವವರೆಗೆ ನನಗೆ ಏನೂ ನೆನಪಾಗುವುದಿಲ್ಲ.