ಕಾಲಿಗೆ ಕಟ್ಟಿದ ಬೆಲ್ಲ

ನಾಗಸಂದ್ರ ಮೆಟ್ರೋ ಸ್ಟೇಷನ್ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನಾನು ಫಿಸಿಯೋಥೆರಪಿಸ್ಟು. ಒಂದು ದಿನವಾದರೂ ನೆಟ್ಟಗೆ ಕಳೆಯಿತು ಅಂತ ಮನೆಗೆ ಹೋಗಿ ಹೇಳಿದ ನೆನಪಿಲ್ಲ. ಕೆಳಗಡೆ ಕೂರುವ ಡಾಕ್ಟರು ಸಕ್ಕರೆ ಕಾಯಿಲೆಯ ಹಿರಿಯರನ್ನೆಲ್ಲ "ಮೇಲೆ ಹೋಗಿ, ಮೇಡಂ ಎಕ್ಸರ್‌ಸೈಜ್ ಹೇಳ್ಕೊಡ್ತಾರೆ" ಅಂತ ನನಗೆ ಗಂಟು ಹಾಕುತ್ತಾರೆ. ಕಾಲಲ್ಲಿ ಬಲ ಇಲ್ಲದವರನ್ನು ಮೆಟ್ಟಿಲು ಹತ್ತಿಸುವ ಈ ಪ್ಲಾನು ಯಾವ ಪುಣ್ಯಾತ್ಮನದೋ ಗೊತ್ತಿಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತೆ, ಸಕ್ಕರೆ ಇದ್ದರೆ ಇನ್ನೂ ಬೇಗ ಕರಗುತ್ತೆ, ಅದಕ್ಕೇ ವ್ಯಾಯಾಮ ಮಾಡಿ ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ. ಇಪ್ಪತ್ತೊಂದನೆಯವರು ಬಂದು, "ಇದಕ್ಕೆ ಮಾತ್ರೆ ಇಲ್ವಾ ಮೇಡಂ?" ಅನ್ನುತ್ತಾರೆ.

ಇವರೆಲ್ಲರ ಪೈಕಿ ನನ್ನ ತಲೆಕೂದಲು ಬೆಳ್ಳಗೆ ಮಾಡಿದವರು ಒಬ್ಬ ಯಜಮಾನರು. ಎಪ್ಪತ್ತೊಂದು ವರ್ಷ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷದಿಂದ ಲೇತ್ ಮೆಷಿನ್ ಓಡಿಸುವ ಟರ್ನರ್. ಒಂದು ದಿನ ಮೆಷಿನ್ ಮುಂದೆ ನಿಂತಿದ್ದಾಗಲೇ ಮೊಣಕಾಲು ಕುಸಿದು ಬಿದ್ದರಂತೆ. ಕೈ ಮೆಷಿನ್ ಒಳಗೆ ಹೋಗದೆ ಉಳಿದಿದ್ದು ದೊಡ್ಡದು. ಓನರ್ರು ಹೆದರಿ, "ನೀನು ನಿಂತು ಕೆಲಸ ಮಾಡಬಹುದು ಅಂತ ಲೆಟರ್ ತಂದರೆ ಮಾತ್ರ ಒಳಗೆ" ಅಂದುಬಿಟ್ಟರು. ಆ ಲೆಟರ್ ಬರೆಯಬೇಕಾದವಳು ನಾನು.

"ಮನೇಲಿ ಕೂತ್ರೆ ಆರು ತಿಂಗ್ಳಿಗೆ ಓಗ್ಬಿಡ್ತೀನಿ ಕಣಮ್ಮ" ಅಂದರು ಮೊದಲ ದಿನ. ನನಗೂ ಪಾಪ ಅನ್ನಿಸಿತು. ಆದರೆ ಸುಮ್ಮನೆ ಬರೆದುಕೊಟ್ಟು, ನಾಳೆ ಇವರ ಬೆರಳು ಹೋದರೆ? ಕಾಲಿಗೆ ಬಲ ಬರಲಿ, ಆಮೇಲೆ ಲೆಟರ್ ಅಂದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ವಾರದ ಕೋಟಾ

ಟೇಬಲ್ ಹಿಡಿದುಕೊಂಡು ಕುರ್ಚಿಯಿಂದ ಎದ್ದು ಕೂರುವುದು. ಬೆಳಗ್ಗೆ ಐದು, ಸಂಜೆ ಐದು. ಇಷ್ಟೇ ನಾನು ಹೇಳಿದ್ದು. ಭಾನುವಾರವೂ ಬಿಡಬೇಡಿ, ವಾರಕ್ಕೆ ಎಪ್ಪತ್ತಾಗಬೇಕು ಅಂತ ಒಂದು ಮಾತು ಸೇರಿಸಿದ್ದೇ ತಪ್ಪಾಯಿತು.

ಮಂಗಳವಾರ ನೋಡಿದರೆ ಇಬ್ಬರು ಆಟೋದವರು ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಾರೆ. ಹಿಂದೆ ಅವರ ಹೆಂಡತಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

"ಏನಾಯ್ತು ಯಜಮಾನ್ರೇ?"

"ಏನಿಲ್ಲ ಮೇಡಂ. ಸ್ವಾಮಾರವೇ ಎಪ್ಪತ್ತೂ ಮುಗಿಸ್ಬಿಟ್ಟೆ."

"ಒಂದೇ ದಿನ ಎಪ್ಪತ್ತಾ!"

"ಗೋಡೆ ಮೇಲೆ ಗೀಟು ಎಳ್ಕೊಂಡಿವ್ನಿ, ಬೇಕಾದ್ರೆ ಬಂದು ಎಣಿಸ್ಕಳಿ. ಆರ್ಡರ್ ಬಂದ್ಮೇಲೆ ಪೆಂಡಿಂಗ್ ಇಟ್ರೆ ನಂಗೆ ನಿದ್ದೆ ಬರಾಕಿಲ್ಲ."

ನಾನು ತಲೆ ಚಚ್ಚಿಕೊಂಡೆ. ಕಾಲು ಅನ್ನೋದು ಕಬ್ಬಿಣದ ರಾಡಲ್ಲ, ಅದಕ್ಕೆ ದಿನಾ ಸ್ವಲ್ಪ ಸ್ವಲ್ಪ ಕೆಲಸ ಕೊಟ್ಟು, ನಡುವೆ ವಿಶ್ರಾಂತಿಯನ್ನೂ ಕೊಡಬೇಕು ಅಂತ ಅರ್ಧ ಗಂಟೆ ಬಾಯಿ ನೋಯಿಸಿಕೊಂಡೆ. ಎಲ್ಲ ಕೇಳಿಸಿಕೊಂಡು ಗಂಭೀರವಾಗಿ ತಲೆಯಾಡಿಸಿದರು.

"ಅರ್ತ ಆಯ್ತು ಮೇಡಂ. ಈ ವಾರದ್ದು ಎಂಗೂ ಮುಗೀತಲ್ಲ, ಮುಂದಿನ ವಾರದ್ದು ಇವತ್ತೇ ಕೊಟ್ಬಿಡಿ."

ಒಂದು ಕೇಜಿ ಭಾರ

ಒಂದು ತಿಂಗಳಾದ ಮೇಲೆ ಕಾಲಿಗೆ ಭಾರ ಕಟ್ಟಿ ಎತ್ತಿಸೋಣ ಅನ್ನಿಸಿತು. ಅಂಗಡಿಯಿಂದ ತರೋದೆಲ್ಲ ಬೇಡ, ಮನೆಯಲ್ಲೇ ಒಂದು ಕೇಜಿಯ ಪೊಟ್ಟಣ ಏನಾದರೂ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕಾಲಿಗೆ ಕಟ್ಟಿಕೊಳ್ಳಿ, ಕುರ್ಚಿ ಮೇಲೆ ಕೂತು ನಿಧಾನಕ್ಕೆ ಎತ್ತಿ ಇಳಿಸಿ ಅಂದೆ.

ಎರಡು ವಾರ ಬಿಟ್ಟು ಬಂದರು. ಮುಖದಲ್ಲಿ ಏನು ಕಳೆ!

"ಸಕತ್ತಾಗೈತೆ ಮೇಡಂ. ಮೊದಲ ದಿನ ಎತ್ತಾಕೇ ಆಗ್ತಿರ್ಲಿಲ್ಲ. ಈಗ ದಿನದಿಂದ ದಿನಕ್ಕೆ ಅಗುರಾಯ್ತಾ ಐತೆ."

ನನಗೂ ಖುಷಿಯಾಯಿತು. ಸುಳ್ಳು ಯಾಕೆ, ಸ್ವಲ್ಪ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಕೆಳಗಿನಿಂದ ಡಾಕ್ಟರು ಫೋನ್ ಮಾಡಿದರು: "ಏನ್ರೀ, ನಿಮ್ಮ ಟರ್ನರ್ ಶುಗರ್ರು ಹಿಂಗೆ ಏರಿದೆ? ಏನು ಮಾಡಿಸ್ತಿದೀರಾ ನೀವು?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ಪಕ್ಕದಲ್ಲಿದ್ದ ಅವರ ಹೆಂಡತಿ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ಟೇಬಲ್ ಮೇಲೆ ಕುಕ್ಕಿದರು. ಬಿಚ್ಚಿದರೆ ಬೆಲ್ಲ. ಕಾಲು ಕೇಜಿ ಇದ್ದರೆ ಹೆಚ್ಚು.

"ಇವ್ರ ಕೈಗೆ ಸಿಗದಂಗೆ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ ಮೇಡಂ. ಒಂದು ಕೇಜಿ ಬೇಕು ಅಂತ ನೀವೇ ಬರ್ಕೊಟ್ಟಿದೀರಾ ಅಂದ್ರು. ಡಾಕ್ಟ್ರ ಮಾತಲ್ವಾ ಅಂತ ನಾನೇ ಇಳಿಸ್ಕೊಟ್ಟೆ."

ನನಗೆ ಉರಿದುಹೋಯಿತು. "ಅಲ್ಲ ಯಜಮಾನ್ರೇ, ನಿಮಗೆ ಶುಗರ್ರು. ಅದೂ ಹೋಗ್ಲಿ, ಕಾಲಿಗೆ ಕಟ್ಟಿದ ಬೆಲ್ಲ ತಿಂದ್ರಲ್ಲ, ಒಂಚೂರು ಅಸಹ್ಯ ಆಗ್ಲಿಲ್ವಾ?"

ಅವರಿಗೆ ಅವಮಾನವಾದಂತೆ ಕಂಡಿತು.

"ಕಾಲು ತೊಳ್ಕೊಂಡೇ ಕಟ್ತಿದ್ದೆ ಮೇಡಂ" ಅಂದರು.

ಎದ್ದು ನಿಲ್ಲುವ ಪರೀಕ್ಷೆ

ಬೆಲ್ಲ ಹೋಗಿ ಮರಳಿನ ಚೀಲ ಬಂತು. ಮತ್ತೆರಡು ತಿಂಗಳು ದುಡಿದರು. ಶುಗರ್ ಇಳಿಯಿತು, ತೊಡೆ ಗಟ್ಟಿಯಾಯಿತು. ಇನ್ನು ಉಳಿದಿದ್ದು ಪರೀಕ್ಷೆ. ಎದೆ ಮೇಲೆ ಕೈ ಕಟ್ಟಿಕೊಂಡು, ಏನನ್ನೂ ಹಿಡಿಯದೆ, ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಎಷ್ಟು ಸೆಕೆಂಡು ಹಿಡಿಯುತ್ತೆ ಅಂತ ನಾನು ನೋಡಬೇಕು. ಅದರ ಮೇಲೇ ಲೆಟರ್ ನಿಂತಿದೆ. ಯಜಮಾನರು ಅವತ್ತು ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದರು.

ನನ್ನ ರೂಮಿನಲ್ಲಿ ಜಾಗವಿಲ್ಲ ಅಂತ ಹಾಲಿನಲ್ಲೇ ಕುರ್ಚಿ ಹಾಕಿಸಿದೆ. ಎದುರಿನ ಬೆಂಚಿನಲ್ಲಿ ಕೊಪ್ಪಳದ ಕಡೆಯ ನಾಲ್ಕು ಜನ ಕೂತಿದ್ದರು. ಫ್ಯಾಕ್ಟರಿಯಲ್ಲಿ ಮೂಟೆ ಹೊತ್ತು ಸೊಂಟ ಹಿಡಿಸಿಕೊಂಡ ಹುಡುಗರು.

"ಶುರು" ಅಂದೆ. ಯಜಮಾನರು ಎದ್ದರು. ಹಿರಿಯರು ಎದ್ದು ನಿಂತರಲ್ಲ, ಆ ನಾಲ್ವರೂ ದಡಬಡ ಎದ್ದು ನಿಂತರು. ಯಜಮಾನರು ಕೂತರು, ಅವರೂ ಕೂತರು. ಮತ್ತೆ ಎದ್ದರು, ನಾಲ್ವರೂ ಸೊಂಟ ಹಿಡಿದುಕೊಂಡು ಮತ್ತೆ ಎದ್ದರು. ಮೂರನೇ ಸಲ ಯಜಮಾನರು ನಿಂತವರು ನಿಂತೇಬಿಟ್ಟರು.

"ಕೂತ್ಕೊಳ್ಳಿ ಯಜಮಾನ್ರೇ, ಟೈಮ್ ಓಡ್ತಿದೆ!"

"ಎದುರಿಗೆ ನಾಕು ಜನ ನಿಂತವ್ರೆ, ನಾನೊಬ್ನೇ ಎಂಗೆ ಕೂರ್ಲಿ ಮೇಡಂ?"

"ನೀವು ಕುಂದರ್ರಿ ಅಜ್ಜಾರ, ಆಮ್ಯಾಲೆ ನಾವು ಕುಂದರ್ತೀವಿ" ಅಂದ ಒಬ್ಬ.

"ನೋವಿರೋರು ನೀವು, ನೀವು ಮೊದ್ಲು ಕೂತ್ಕಳ್ರಪ್ಪ."

ಎಂಥಾ ಮರ್ಯಾದೆ, ಎಂಥಾ ಸಂಸ್ಕಾರ! ಹದಿನೈದು ಸೆಕೆಂಡಿನಲ್ಲಿ ಮುಗಿಯಬೇಕಾದ ಪರೀಕ್ಷೆ ಮೂರು ನಿಮಿಷ ದಾಟಿತು. ನಾನು ಸ್ಟಾಪ್‌ವಾಚ್ ಬಂದ್ ಮಾಡಿ, ಹುಡುಗರನ್ನು ಗೋಡೆ ಕಡೆ ತಿರುಗಿಸಿ ಕೂರಿಸಿ, ಮತ್ತೆ ಮೊದಲಿಂದ ಮಾಡಿಸಿದೆ. ಹದಿಮೂರು ಸೆಕೆಂಡು. ಪಾಸು! ನನಗೇ ಕುಣಿಯುವಷ್ಟು ಸಂತೋಷವಾಯಿತು.

ಗೋಡೆ ನೋಡುತ್ತಿದ್ದ ಹುಡುಗರಲ್ಲೊಬ್ಬ ಕೈ ಎತ್ತಿದ. "ಮೇಡಂ, ನನ್ನ ಸೊಂಟ ಈಗ ಚಲೋ ಅನಸಾಕತ್ತೈತ್ರಿ. ಇನ್ನ ಎಷ್ಟು ಸಲ ಏಳಬೇಕ್ರಿ?"

ಲೆಟರ್

ಲೆಟರ್ ಬರೆದೆ. ಒಂದು ಗಂಟೆ ನಿಂತು ಕೆಲಸ ಮಾಡಬಹುದು, ಆಮೇಲೆ ಹತ್ತು ನಿಮಿಷ ಕೂರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಅಂತ. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಹೋದರು. ಮಾರನೇ ದಿನವೇ ವಾಪಸ್ ಬಂದರು, ಜೊತೆಗೆ ವರ್ಕ್‌ಶಾಪಿನ ಓನರ್ರು. ಅವರಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಹಾಲಿನ ತಗ್ಗು ಸೋಫಾದಲ್ಲಿ ಧೊಪ್ಪನೆ ಕೂತರು.

"ಮೇಡಂ, ಪೇಪರ್ ಯಾರು ಬೇಕಾದ್ರೂ ಕೊಡ್ತಾರೆ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಕಾಲು ಗಟ್ಟಿ ಇಲ್ದೋರಿಗೆ ನನ್ನ ಶಾಪಲ್ಲಿ ಜಾಗ ಇಲ್ಲ. ನನ್ನ ಕಣ್ಣ ಮುಂದೆ ಮಾಡಿ ತೋರಿಸ್ಲಿ."

ನನಗೆ ಕೋಪ ನೆತ್ತಿಗೇರಿತು. ಮೂರೂವರೆ ತಿಂಗಳು ಈ ಮನುಷ್ಯನ ಜೊತೆ ಒದ್ದಾಡಿದವಳು ನಾನು! ಆದರೆ ಯಜಮಾನರು ಕುರ್ಚಿ ಎಳೆದುಕೊಂಡು, ಕೈ ಕಟ್ಟಿ, ಐದು ಸಲ ಎದ್ದು ಕೂತರು. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೆರಡು ಸಲ ಎದ್ದರು.

ಓನರ್ರ ಮುಖ ಮೆತ್ತಗಾಯಿತು. ಕಣ್ಣಲ್ಲಿ ಸ್ವಲ್ಪ ನೀರೂ ಬಂದಿತ್ತು ಅನ್ನಿಸುತ್ತೆ. "ಸರಿ ಕಣಪ್ಪ, ನಾಳೆಯಿಂದ ಬಾ. ನೀನಿಲ್ದೆ ಶಾಪು ಶಾಪಾಗಿರ್ಲಿಲ್ಲ" ಅಂತ ಏಳಲು ಹೋದರು.

ಆಗಲಿಲ್ಲ. ಮುಂದಕ್ಕೆ ಬಾಗಿದರು, ಆಗಲಿಲ್ಲ. "ಈ ಸೋಫಾನೇ ಸರಿಯಿಲ್ಲ" ಅಂತ ಬೈದು, ಎರಡೂ ಕೈ ಊರಿ ಒಂದು ಗೇಣು ಎದ್ದು ಮತ್ತೆ ಧೊಪ್ಪಂತ ಕೂತರು. ಯಜಮಾನರು ಹತ್ತಿರ ಹೋಗಿ, ಕೈ ಕೊಟ್ಟು, ಒಂದೇ ಎಳೆತಕ್ಕೆ ನಿಲ್ಲಿಸಿದರು.

"ಸಾರ್, ನಿಮಗೂ ಶುಗರ್ ಇದೆಯಾ?" ಅಂದೆ.

"ಹದಿನೈದು ವರ್ಷದಿಂದ ಇದೆ. ಅದಕ್ಕೇನೀಗ? ಮಾತ್ರೆ ತಗೋತೀನಲ್ಲ!"

ಕುರ್ಚಿಯಲ್ಲಿ ಕೂರಿಸಿ ಕೈ ಕಟ್ಟಿಸಿದೆ. ಒಂದು ಸಲ ಎದ್ದರು. ಎರಡನೆಯದು ಅರ್ಧಕ್ಕೇ ನಿಂತಿತು. ನಾನು ರಿಜಿಸ್ಟರ್ ತೆಗೆದು ಅವರ ಹೆಸರು ಬರೆದುಕೊಂಡೆ. ಯಜಮಾನರು ತಮ್ಮ ಲೆಟರನ್ನು ಜೋಪಾನವಾಗಿ ಮಡಿಸಿ ಜೇಬಿಗಿಟ್ಟುಕೊಂಡು, ನನ್ನ ಕಡೆ ಬಗ್ಗಿ ಓನರ್ರಿಗೂ ಕೇಳಿಸುವ ಹಾಗೆ ಹೇಳಿದರು:

"ಮೇಡಂ, ಇವರ್ಗೆ ಅರ್ಜೆಂಟಲ್ಲಿ ಲೆಟರ್ ಕೊಟ್‌ಗಿಟ್ಟೀರಾ. ಅದಿಲ್ದೆ ಬಂದ್ರೆ ನಾನಂತೂ ಶಾಪ್ ಒಳೀಕೆ ಬಿಡಾಕಿಲ್ಲ."